ನಾಲ್ಕರಿಂದ ಐದು: ದೆವ್ವ

ಹೆದರಿಕೆಗೂ ಒಂದು ಶಿಸ್ತು ಇರಬೇಕು ಎಂದು ನಂಬಿದವಳು ನಾನು. ಕುದಿಸದ ನೀರಿಗೆ ಹೆದರಬೇಕು. ತುಕ್ಕು ಹಿಡಿದ ಮೊಳೆಗೆ ಹೆದರಬೇಕು. ಮೂರು ದಿನವಾದರೂ ಇಳಿಯದ ಜ್ವರಕ್ಕೆ ಹೆದರಬೇಕು. ಇವು ಯಾವುದಕ್ಕೂ ಹೆದರದೆ, ತೆರೆದಿಟ್ಟ ಬಜಿಯನ್ನು ನೊಣಗಳ ಸಮೇತ ತಿಂದು, ಮನೆಗೆ ಬಂದು ಕಾಗದದ ಬಾವಲಿಯನ್ನು ಕಂಡು ಕಿರುಚುವವರ ಬಗ್ಗೆ ನನಗೆ ಕನಿಕರ ಕೂಡ ಹುಟ್ಟುವುದಿಲ್ಲ. ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ದುಡಿದವಳು ನಾನು, ಕೊನೆಯ ಒಂಬತ್ತು ವರ್ಷ ನರ್ಸುಗಳ ಮೇಲಿನ ಮೇಟ್ರನ್ ಆಗಿ. ಶವಾಗಾರದ ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತಿತ್ತು. ಸತ್ತವರಷ್ಟು ಶಿಸ್ತಿನ ರೋಗಿಗಳನ್ನು ನಾನು ಕಂಡಿಲ್ಲ. ಚಾದರ ಮುದುಡುವುದಿಲ್ಲ, ಗಳಿಗೆಗೊಮ್ಮೆ ಕರೆಯುವುದಿಲ್ಲ, ಸಾರಿಗೆ ಉಪ್ಪು ಕಡಿಮೆ ಎನ್ನುವುದಿಲ್ಲ. ನನ್ನನ್ನು ಕಾಡಿದವರೆಲ್ಲ ಬದುಕಿದ್ದವರು. ಅವರಿಗಿಂತ ಹೆಚ್ಚಾಗಿ ಅವರನ್ನು ನೋಡಲು ಬಂದವರು.

ಸಾವಿರದ ಒಂಬೈನೂರಾ ಎಂಬತ್ತರ ಆಚೀಚೆ ನಿವೃತ್ತಳಾಗಿ ವಡಗಾವಿಯ ನಮ್ಮ ತಂದೆಯ ಮನೆಯಲ್ಲಿ ಒಬ್ಬಳೇ ಇರತೊಡಗಿದೆ. ಆಸ್ಪತ್ರೆ ಬಿಟ್ಟರೂ ಅಭ್ಯಾಸ ಬಿಡಲಿಲ್ಲ. ಬಿಳಿ ಸೀರೆ, ಎದೆಗೆ ಪಿನ್ನು ಹಾಕಿ ತಲೆಕೆಳಗಾಗಿ ತೂಗಬಿಟ್ಟ ವಾಚು, ಬೆಳಿಗ್ಗೆ ಐದಕ್ಕೆ ಎದ್ದು ಅಂಗಳಕ್ಕೆ ನೀರು. ನಮ್ಮ ಓಣಿಯ ನೇಕಾರರು ಮಗ್ಗ ಹೂಡುವ ಹೊತ್ತನ್ನು ನನ್ನ ಬಕೆಟ್ಟಿನ ಸಪ್ಪಳದಿಂದ ತಿಳಿದುಕೊಳ್ಳುತ್ತಿದ್ದರು. ಪಕ್ಕದ ಮನೆಯ ನೇಕಾರ ಕಲ್ಲಪ್ಪ, ನನಗೆ ಜ್ವರ ಬಂದು ಏಳದಿದ್ದ ಒಂದು ದಿನ, ಮಧ್ಯಾಹ್ನ ಬಂದು, "ಬಾಯಾರ, ಇವತ್ತ ಓಣಿಗೆ ಓಣೀನ ಲೇಟಾಗೇತ್ರಿ" ಎಂದು ದೂರು ಹೇಳಿದ್ದ.

ಹೀಗಿರುವಾಗ ಖಾನಾಪುರದಿಂದ ತಮ್ಮ ಈರಣ್ಣ ಬಂದ. ಅವನು ಅಲ್ಲಿ ಕಟ್ಟಿಗೆಯ ಡಿಪೋದಲ್ಲಿ ಗುಮಾಸ್ತ. ಅವನ ಹೆಂಡತಿ ಶಾರದೆ ತುಂಬಿದ ಗರ್ಭಿಣಿ. ಹಿಂದಿನ ಸಲ ಎಂಟನೇ ತಿಂಗಳಲ್ಲಿ ಕೂಸು ಕೈಗೆ ಹತ್ತಿರಲಿಲ್ಲ. ಈ ಸಲ ಡಾಕ್ಟರು, ಹೆರಿಗೆಯಾಗುವ ತನಕ ಮಂಚ ಬಿಟ್ಟು ಇಳಿಯಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದ್ದರು. ಅಡುಗೆಗೆ ಶಾರದೆಯ ತಾಯಿ ಬಂದಿದ್ದಳು. ಆದರೆ ಮನೆಯಲ್ಲಿ ಹತ್ತು ವರ್ಷದ ಸುಮಾ, ಆರು ವರ್ಷದ ಬಸು ಇರುವಾಗ ಯಾವ ತಾಯಿ ಮಂಚದಲ್ಲಿ ಮಲಗುತ್ತಾಳೆ? "ಅಕ್ಕಾ, ದೀಪಾವಳಿ ಸೂಟಿ ಮುಗಿಯೂ ಮಟ ಇವರನ್ನ ಇಟಗೋ. ಇವರು ಮನ್ಯಾಗಿದ್ರ ಆಕಿ ಏಳಾಕಿನ. ಎದ್ಲು ಅಂದ್ರ ಮುಗೀತು" ಎಂದ ಈರಣ್ಣ. ಅವನ ಕಣ್ಣು ಕೆಂಪಾಗಿತ್ತು. "ಬಿಟ್ಟು ಹೋಗು. ನಾನು ನೂರಾ ಇಪ್ಪತ್ತು ಹಾಸಿಗಿ ವಾರ್ಡ್ ನೋಡೇನಿ, ಎರಡು ಹುಡುಗರು ಯಾವ ಲೆಕ್ಕ?" ಎಂದೆ. ಹೀಗೆ ಹೇಳುವಾಗ ನಾನು ಒಂದು ವಿಷಯ ಮರೆತಿದ್ದೆ. ವಾರ್ಡಿನ ರೋಗಿಗಳಿಗೆ ಎದ್ದು ಓಡುವ ಶಕ್ತಿ ಇರುವುದಿಲ್ಲ.

ಮೊದಲ ದಿನವೇ ವೇಳಾಪಟ್ಟಿ ಬರೆದು ಗೋಡೆಗೆ ಹಚ್ಚಿದೆ. ಐದಕ್ಕೆ ಏಳುವುದು, ಐದೂ ಕಾಲಿಗೆ ಉಗುರು ತಪಾಸಣೆ, ಆರಕ್ಕೆ ಮಗ್ಗಿ, ರವಿವಾರ ಹರಳೆಣ್ಣೆ. ಮೂರನೇ ದಿನ ಬಸು ಕೇಳಿದ: "ಅತ್ತಿ, ಇದು ಸೂಟಿ ಹೌದೋ ಅಲ್ಲೋ?" ನಾಲ್ಕನೇ ದಿನ ಇಬ್ಬರೂ ಬಾಗಿಲಲ್ಲಿ ಕೂತು ಖಾನಾಪುರದ ದಿಕ್ಕು ಯಾವುದೆಂದು ಕಲ್ಲಪ್ಪನನ್ನು ವಿಚಾರಿಸುತ್ತಿದ್ದರು.

ಆ ಕಲ್ಲಪ್ಪನಿಗೆ ಕರುಣೆ ಬಂತು. ಕರುಣೆ ಬಂದ ಗಂಡಸಿನಷ್ಟು ಅಪಾಯಕಾರಿ ಪ್ರಾಣಿ ಮತ್ತೊಂದಿಲ್ಲ. ಅವನ ಹೆಂಡತಿಯ ತಮ್ಮ ಮುಂಬಯಿಯ ಬಂದರಿನಲ್ಲಿ ಕೆಲಸಕ್ಕಿದ್ದ. ಯಾವುದೋ ವಿಲಾಯತಿ ಹಡಗಿನವರು ಬಿಟ್ಟುಹೋದ ಒಂದು ಪುಸ್ತಕವನ್ನು ತಂದುಕೊಟ್ಟಿದ್ದನಂತೆ. ಮಕ್ಕಳು ಬಣ್ಣ ತುಂಬುವ ಪುಸ್ತಕ. ಪುಟ ಪುಟಕ್ಕೂ ದೆವ್ವ! ಹಿಂದಿನ ಪುಟಗಳಲ್ಲಿ ಕತ್ತರಿಸಿ, ಮಡಿಚಿ, ಅಂಟಿಸಿ ದೆವ್ವ ತಯಾರಿಸುವ ವಿಧಾನ ಬೇರೆ. ವಿಲಾಯತಿಯಲ್ಲಿ ಮಕ್ಕಳಿಗೆ ಹಾಲಿನ ಜೊತೆಗೆ ದೆವ್ವವನ್ನೂ ಕೊಟ್ಟು ಬೆಳೆಸುತ್ತಾರೆಂದು ಕಾಣುತ್ತದೆ. ಸೀರೆಯ ಅಂಚಿನ ನಕ್ಷೆಗೆಂದು ಮಗ್ಗಕ್ಕೆ ಏರಿಸುವ ತೂತಿನ ರಟ್ಟುಗಳು ಕಲ್ಲಪ್ಪನಲ್ಲಿ ಹಳತಾಗಿ ರಾಶಿ ಬಿದ್ದಿದ್ದವು. ಅವನ್ನೂ ಕೊಟ್ಟ. ಸಂಜೆಯ ಹೊತ್ತಿಗೆ ನನ್ನ ಮನೆಯಲ್ಲಿ ನೂರು ಕಣ್ಣಿನ ಮುಖವಾಡಗಳು ತಯಾರಾಗಿದ್ದವು.

ಆ ಪುಸ್ತಕವನ್ನು ನಾನು ಮೊದಲಿನಿಂದ ಕೊನೆಯವರೆಗೆ ಓದಿದೆ, ಅಂದರೆ ನೋಡಿದೆ. ಅಷ್ಟು ಬೇಜವಾಬ್ದಾರಿಯ ದೆವ್ವಗಳ ಬಗ್ಗೆ ನಾನು ಕೇಳಿಲ್ಲ. ಮೊದಲನೆಯದು ಬಿಳಿ ಚಾದರ ಹೊದ್ದ ದೆವ್ವ, ಚಾದರಕ್ಕೆ ಎರಡು ತೂತು. ನಮ್ಮ ಆಸ್ಪತ್ರೆಯಲ್ಲಿ ಚಾದರಕ್ಕೆ ಒಂದು ತೂತು ಬಿದ್ದರೂ ಸ್ಟೋರಿನವರು ಲಿಖಿತ ವಿವರಣೆ ಕೇಳುತ್ತಿದ್ದರು. ಎರಡನೆಯದು ಹಲ್ಲು ಕಿಸಿದ ಕುಂಬಳಕಾಯಿ. ಬೆಲ್ಲ ಹಾಕಿ ಗಾರಿಗೆ ಕರಿದು ತಿನ್ನುವ ವಸ್ತುವಿಗೆ ಹೆದರುವ ಜನ ನಮ್ಮ ದೇಶ ಹೇಗೆ ಆಳಿದರೋ! ಮೂರನೆಯದು ಕಸಬರಿಗೆಯ ಮೇಲೆ ಕುಳಿತು ಹಾರುವ ಮುದುಕಿ. ಕೈಯಲ್ಲಿ ಕಸಬರಿಗೆ ಇದ್ದೂ ಒಂದು ಮೂಲೆ ಗುಡಿಸದೆ ಅದರ ಮೇಲೆ ಕುಳಿತು ಊರು ತಿರುಗುವ ಹೆಂಗಸನ್ನು ಮಕ್ಕಳಿಗೆ ತೋರಿಸುವುದು ಯಾವ ಸೀಮೆಯ ಶಿಕ್ಷಣ? ನಮ್ಮ ಕಡೆಯ ದೆವ್ವಗಳನ್ನು ನಾನು ನಂಬುವುದಿಲ್ಲವಾದರೂ ಅವಕ್ಕೆ ಒಂದು ರೀತಿ ನೀತಿ ಇತ್ತು. ಇಂಥ ಹುಣಸೆಮರ, ಇಂಥ ಹಾಳುಬಾವಿ ಎಂದು ಖಾಯಂ ವಿಳಾಸವಿತ್ತು. ಪಾದ ಹಿಂದುಮುಂದಾಗಿ ಇರುವುದರಿಂದ ಗುರುತೂ ಸುಲಭ.

ನಾನು ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ತಪ್ಪು ಕಂಡರೆ ತಿದ್ದದೆ ಇರಲಾರೆ. ಬಸು ಎಲುಬಿನ ಹಂದರಕ್ಕೆ ಹಸಿರು ಬಣ್ಣ ಹಚ್ಚುತ್ತಿದ್ದ. ಎಣಿಸಿದೆ. ಐದು ಜೊತೆ ಪಕ್ಕೆಲುಬು!

"ಇದರ ಉಳಿದ ಎಲುಬು ಎಲ್ಲಿ ಹೋದುವು?"

"ನಾಯಿ ತಿಂದಿರಬೇಕು ಅತ್ತಿ."

"ಹನ್ನೆರಡು ಜೋಡಿ ಇರಬೇಕು. ಬರಿ. ದೆವ್ವ ಆದ್ರೂ ಎಲುಬಿನ ಲೆಕ್ಕ ಬರೋಬರಿ ಇರಬೇಕು."

ಬಸು ಅಳುತ್ತಾ ಬರೆದ. ಅದೇ ಹೊತ್ತಿಗೆ ಸುಮಾ ಪುಸ್ತಕ ಬಿಟ್ಟು, ಕಲ್ಲಪ್ಪ ನಕ್ಷೆ ಬರೆಯುವ ದೊಡ್ಡ ಹಾಳೆಯ ಹಿಂಬದಿಯಲ್ಲಿ ತನ್ನದೇ ಒಂದು ದೆವ್ವ ಬರೆಯುತ್ತಿದ್ದಳು. ತಲೆಯ ಮೇಲೆ ಕಾಗದದ ದೋಣಿ ಮಗುಚಿದಂತೆ ಏನೋ. ಮೈತುಂಬ ಬಿಳಿ. ಎದೆಯ ಮೇಲೆ ಒಂದು ದುಂಡನೆಯ ಕಣ್ಣು.

"ಇದು ಯಾವ ದೆವ್ವ?" ಎಂದೆ.

"ಇದು ಭಾಳ ಜೋರಿನ ದೆವ್ವ ಐತಿ ಅತ್ತಿ" ಎಂದಳು ತಲೆಯೆತ್ತದೆ. "ಮುಂಜಾನೆ ಐದಕ್ಕ ಏಳ್ತೈತಿ."

"ಹುಚ್ಚಿ, ದೆವ್ವ ಐದಕ್ಕ ಏಳೂದಿಲ್ಲ, ಐದಕ್ಕ ಮಲಗ್ತೈತಿ. ಮತ್ತ ಪಾದ ಯಾಕ ಮುಂದಕ್ಕ ಬರದೀ? ಹಿಂದಕ್ಕ ತಿರುಗಿಸು."

ಬಸು ಅಳು ನಿಲ್ಲಿಸಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಸುಮಾ ಅವನ ತೊಡೆ ಚಿವುಟಿದಳು. "ಖರೇನ ತಿರುಗಸ್ಲೇನ ಅತ್ತಿ?" ಎಂದು ಎರಡು ಸಲ ಕೇಳಿದಳು. ನಾನೇ ರಬ್ಬರು ತಂದುಕೊಟ್ಟು, ಪಕ್ಕದಲ್ಲಿ ನಿಂತು, ಎರಡೂ ಪಾದಗಳನ್ನು ಸರಿಯಾಗಿ ಹಿಂದಕ್ಕೆ ತಿರುಗಿಸಿ ಬರೆಸಿದೆ. ರವಿವಾರ ಈರಣ್ಣ ಬಂದಾಗ ಸುಮಾ ಆ ಚಿತ್ರವನ್ನು ಸುರುಳಿ ಸುತ್ತಿ, "ಅವ್ವಗ ಕೊಡು" ಎಂದು ಕಳಿಸಿದಳು. ಗರ್ಭಿಣಿಗೆ ದೆವ್ವ ಉಡುಗೊರೆ ಕಳಿಸುವ ಮಕ್ಕಳು! ಕಾಲ ಕೆಟ್ಟಿತೆಂದು ಗೊಣಗಿದೆ.

ಮುಂದಿನ ಶನಿವಾರದ ಹೊತ್ತಿಗೆ ಮನೆ ದೆವ್ವಗಳಿಂದ ತುಂಬಿಹೋಯಿತು. ಹಾಲು ಮುಚ್ಚಿದ ತಟ್ಟೆಯ ಮೇಲೆ ಬಾವಲಿ, ಔಷಧದ ಕಪಾಟಿನಲ್ಲಿ ತಲೆಬುರುಡೆ, ಅಕ್ಕಿಯ ಡಬ್ಬದಲ್ಲಿ ಕೈ ಹಾಕಿದರೆ ಕೈಗೆ ಕಾಗದದ ಕೈ. ಶನಿವಾರ ನನ್ನ ಮನೆಯಲ್ಲಿ ಮಹಾಸ್ವಚ್ಛತೆಯ ದಿನ. ಮಕ್ಕಳು ಕಲ್ಲಪ್ಪನ ಮನೆಗೆ ಹೋದ ಹೊತ್ತು ನೋಡಿ, ಪುಸ್ತಕವೊಂದನ್ನು ಬಿಟ್ಟು ಎಲ್ಲವನ್ನೂ ಗುಡಿಸಿ ಬಚ್ಚಲ ಒಲೆಗೆ ಹಾಕಿದೆ. ನೀರು ಚೆನ್ನಾಗಿ ಕಾಯಿತು, ಅಷ್ಟು ಮಾತ್ರ ಅವುಗಳ ಉಪಯೋಗ.

ಮಕ್ಕಳು ಬಂದರು, ಒಲೆ ನೋಡಿದರು. ಅಳಲಿಲ್ಲ. ಅಳದ ರೋಗಿಯ ಮೇಲೆ ಹೆಚ್ಚು ಕಣ್ಣಿಡಬೇಕೆಂದು ನಾನೇ ಎಷ್ಟು ನರ್ಸ್ ಹುಡುಗಿಯರಿಗೆ ಪಾಠ ಹೇಳಿದ್ದೆ! ಎರಡು ಗಂಟೆಗೆ ನೋಡಿದರೆ ಇಬ್ಬರೂ ಇಲ್ಲ. ಅವರ ಚೀಲವೂ ಇಲ್ಲ. ವೇಳಾಪಟ್ಟಿಯ ಕೆಳಗೆ ಬಸುವಿನ ಅಕ್ಷರದಲ್ಲಿ "ನಾವು ಅವ್ವನ ಕಡೆ ಹೋಗತೇವಿ" ಎಂದಿತ್ತು.

ಚಪ್ಪಲಿ ಮೆಟ್ಟಿ ಕಲ್ಲಪ್ಪನ ಮನೆಗೆ ಓಡಿದೆ. ಮಕ್ಕಳು ದಾರಿ ತಪ್ಪುತ್ತಾರೆಂದಲ್ಲ, ಸುಮಾ ಜಾಣೆ, ತಪ್ಪದೆ ಮುಟ್ಟುತ್ತಾಳೆ. ಅದೇ ನನಗೆ ಹೆದರಿಕೆ. ಮುಟ್ಟಿದ ಕೂಡಲೇ ಶಾರದೆ ಮಂಚದಿಂದ ಇಳಿಯುತ್ತಾಳೆ, ಬಿಸಿನೀರು ಕಾಯಿಸುತ್ತಾಳೆ, ರೊಟ್ಟಿ ತಟ್ಟುತ್ತಾಳೆ. ಹೋದ ಸಲದ ಕೂಸನ್ನು ಬಟ್ಟೆಯಲ್ಲಿ ಸುತ್ತಿದ ಕೈ ನನ್ನದೇ.

ಕಲ್ಲಪ್ಪನ ಸೈಕಲ್ಲಿನ ಹಿಂದಿನ ಸೀಟಿನ ಮೇಲೆ ಕುಳಿತು ಹೊರಟೆ. ಮೇಟ್ರನ್ ಆಗಿದ್ದವಳು ಸೈಕಲ್ಲಿನ ಹಿಂದೆ ಕುಳಿತದ್ದನ್ನು ಓಣಿಯೆಲ್ಲ ಮಗ್ಗ ನಿಲ್ಲಿಸಿ ನೋಡಿತು. ಖಾನಾಪುರದ ರಸ್ತೆಯ ಪೀರನವಾಡಿಯಲ್ಲಿ, ಚಹಾದಂಗಡಿಯ ಮುಂದೆ, ಬಸ್ಸಿನ ದಾರಿ ಕಾಯುತ್ತ, ಚೀಲದ ಮೇಲೆ ಕುಳಿತಿದ್ದರು ಇಬ್ಬರೂ.

"ಏಳ್ರಿ. ಮನಿಗೆ ನಡೀರಿ" ಎಂದೆ.

"ನೀ ನಮ್ಮ ದೆವ್ವ ಸುಟ್ಟಿ" ಎಂದ ಬಸು. "ಹನ್ನೆರಡು ಜೋಡಿ ಎಲುಬು ಬರದಿದ್ದೆ. ನೀನ ಹೇಳಿದ್ದಿ ಅಂತ ಬರದಿದ್ದೆ."

ಆದೇಶದಂತೆ ಮಾಡಿದ ಕೆಲಸವನ್ನು ಆದೇಶ ಕೊಟ್ಟವಳೇ ಒಲೆಗೆ ಹಾಕುವುದು ಯಾವ ಆಡಳಿತದಲ್ಲೂ ಇಲ್ಲ. ಅಷ್ಟರಲ್ಲಿ ದೂರದಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಸುಮಾ ಎದ್ದು ಚೀಲ ಎತ್ತಿಕೊಂಡಳು.

"ಏನ ಬೇಕು, ಲಗೂನ ಹೇಳ್ರಿ" ಎಂದೆ.

"ದೆವ್ವಕ್ಕ ಒಂದು ತಾಸು. ಟೈಮ್ ಟೇಬಲ್‌ನ್ಯಾಗ ಬರೀಬೇಕು" ಎಂದಳು ಸುಮಾ.

"ಮತ್ತ ನೀನೂ ಒಂದು ದೆವ್ವ ಮಾಡಬೇಕು" ಎಂದ ಬಸು.

"ಒಪ್ಕೋರಿ ಬಾಯಾರ, ಬಸ್ ಬಂತು" ಎಂದು ಕಲ್ಲಪ್ಪ ಹಲ್ಲು ಕಿಸಿದ, ಥೇಟ್ ಆ ಕುಂಬಳಕಾಯಿಯ ಹಾಗೆ.

ಒಪ್ಪಿದೆ. ವೇಳಾಪಟ್ಟಿಯಲ್ಲಿ, ಮಧ್ಯಾಹ್ನದ ನಿದ್ದೆ ಮತ್ತು ಸಂಜೆಯ ಪ್ರಾರ್ಥನೆಯ ನಡುವೆ, ನನ್ನ ಕೈಯಾರೆ ಬರೆದೆ: ನಾಲ್ಕರಿಂದ ಐದು, ದೆವ್ವ. ಕಲ್ಲಪ್ಪನ ರಟ್ಟುಗಳಿಂದ ಒಂದು ಎಲುಬಿನ ಹಂದರ ಕತ್ತರಿಸಿ, ಗಾಯಕ್ಕೆ ಹೊಲಿಗೆ ಹಾಕುವ ಗಂಟಿನಲ್ಲೇ ಕೀಲುಗಳನ್ನು ಕಟ್ಟಿದೆ. ಇನ್ನೂರಾ ಆರು ಎಲುಬುಗಳಲ್ಲಿ ಕಿವಿಯೊಳಗಿನ ಸಣ್ಣ ಮೂರು ಜೊತೆ ಮಾತ್ರ ಬಿಟ್ಟೆ, ಅದೂ ಕತ್ತರಿ ದೊಡ್ಡದಾಗಿದ್ದರಿಂದ. ಮಕ್ಕಳು ಅದರೊಳಗೆ ದೀಪವಿಟ್ಟು ದೀಪಾವಳಿಗೆ ಆಕಾಶಬುಟ್ಟಿಯ ಬದಲು ಬಾಗಿಲಿಗೆ ತೂಗಿಬಿಟ್ಟರು. ಕಲ್ಲಪ್ಪನ ಹೆಂಡತಿ ಗಲ್ಲಕ್ಕೆ ಕೈ ಹಚ್ಚಿ, "ಅಯ್ಯ, ಇದನ್ನ ನೋಡಿದ್ರ ಲಕ್ಷ್ಮಿ ಹ್ಯಾಂಗ ಒಳಗ ಬರ್ತಾಳ್ರೀ ಬಾಯಾರ?" ಎಂದಳು. "ಕೈಕಾಲ ತೊಳಕೊಂಡು ಬರಲಿ" ಎಂದೆ. ಆದರೂ ಇಂಥ ಆಟಗಳ ಬಗ್ಗೆ ನನ್ನ ಅಭಿಪ್ರಾಯ ಬದಲಾಗಲಿಲ್ಲವೆಂದು ಇಲ್ಲಿಯೇ ದಾಖಲಿಸುತ್ತೇನೆ.

ಸೂಟಿ ಮುಗಿಯಲು ಮೂರು ದಿನವಿರುವಾಗ ಶಾರದೆಗೆ ಹೆಣ್ಣು ಕೂಸು ಹುಟ್ಟಿತು. ಆರು ಪೌಂಡು, ಒಳ್ಳೆಯ ಗಂಟಲು. ತೊಟ್ಟಿಲಿಗೆ ಹಾಕುವ ದಿನ ಮುಂಜಾನೆಯ ರೈಲಿಗೆ ಖಾನಾಪುರಕ್ಕೆ ಹೋದೆ. ಕೂಸಿನ ಹೊಕ್ಕುಳು, ಕಣ್ಣು, ತೂಕ ಎಲ್ಲ ತಪಾಸಣೆ ಮಾಡಿ ತಲೆಯೆತ್ತಿದರೆ, ಮಂಚದ ಕಾಲ ಕಡೆಯ ಗೋಡೆಯ ಮೇಲೆ ಆ ಬಿಳಿ ದೆವ್ವ!

"ಇದನ್ನ ಯಾಕ ಹಚ್ಚೀರಿ?" ಎಂದು ಗದರಿದೆ.

ಶಾರದೆಯ ತಾಯಿ ಹೇಳಿದಳು: "ಇರಲಿ ಬಿಡ್ರಿ. ಈಕಿ ದಿನಾ ಮಂಚದಿಂದ ಕಾಲ ಇಳಸಾಕಿ, ಚಿತ್ರ ನೋಡಾಕಿ, ಮತ್ತ ಮ್ಯಾಲ ತಗೊಳ್ಳಾಕಿ. ನನ್ನ ಮಾತ ಎಲ್ಲಿ ಕೇಳ್ತಿದ್ಲು?"

"ದೆವ್ವಕ್ಕ ಹೆದರಿದೇನ ಶಾರದಾ, ಇಷ್ಟು ಸಾಲಿ ಕಲಿತು?"

"ದೆವ್ವಕ್ಕ ಯಾರ ಹೆದರ್ತಾರ್ರೀ ಅಕ್ಕಾರ..." ಎಂದ ಶಾರದೆ ಸೆರಗು ಬಾಯಿಗೆ ಹಿಡಿದಳು. ಸುಮಾ ಒಲೆಯ ಕಡೆ ಓಡಿದಳು. ಬಸು ಮಾತ್ರ ನಿಂತು ಹೇಳಿದ: "ಅತ್ತಿ, ಅದು ನೀನ."

ಚಷ್ಮಾ ಒರೆಸಿಕೊಂಡು ನೋಡಿದೆ. ತಲೆಯ ಮೇಲಿನ ದೋಣಿ, ನಮ್ಮ ಪಡಸಾಲೆಯ ಫೋಟೋದಲ್ಲಿ ನಾನು ತೊಟ್ಟ ಗಂಜಿ ಹಾಕಿದ ನರ್ಸಿನ ಟೋಪಿ. ಎದೆಯ ಮೇಲಿನ ಕಣ್ಣಿನೊಳಗೆ ಎರಡು ಮುಳ್ಳು, ತಲೆಕೆಳಗಾಗಿ, ಸರಿಯಾಗಿ ಐದು ಗಂಟೆ. ಕೆಳಗೆ, ನಾನೇ ರಬ್ಬರು ಕೊಟ್ಟು, ಪಕ್ಕದಲ್ಲಿ ನಿಂತು ಬರೆಸಿದ ಪಾದಗಳು.

ಹರಿದು ಹಾಕಬಹುದಿತ್ತು. ಆದರೆ ಬಾಣಂತಿ ಇನ್ನೂ ಒಂದು ತಿಂಗಳು ಮಲಗಬೇಕು. ಚಿತ್ರದ ಒಂದು ಮೂಲೆ ಅಂಟು ಬಿಟ್ಟು ಜೋತುಬಿದ್ದಿತ್ತು. ಗಂಜಿ ತರಿಸಿ ಸೊಟ್ಟಗಾಗದಂತೆ ಅಂಟಿಸಿದೆ. ಹೊರಡುವಾಗ ಹೊಸ್ತಿಲಲ್ಲಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಚಪ್ಪಲಿ ಮೆಟ್ಟುವ ನೆಪದಲ್ಲಿ ಒಮ್ಮೆ ಬಗ್ಗಿ ನನ್ನ ಪಾದಗಳನ್ನು ನೋಡಿಕೊಂಡೆ. ಮುಂದಕ್ಕೇ ಇದ್ದವು.