ಮಡಚಲೊಲ್ಲದ ಮೊಣಕಾಲು

ನಮ್ಮ ಮನೆಗೆ ಕಷ್ಟ ಒಂಟಿಯಾಗಿ ಬಂದದ್ದೇ ಇಲ್ಲ. ಬರುವಾಗ ಒಂದಿಷ್ಟು ಫಜೀತಿಯನ್ನೂ ಕೈಹಿಡಿದು ಕರೆತರುತ್ತದೆ. ಈ ಸಲ ಅದು ಬಂದದ್ದು ನನ್ನ ಹೆಂಡತಿಯ ಬಲ ಮೊಣಕಾಲಿಗೆ. ಆಪರೇಷನ್ ಚೆನ್ನಾಗಿಯೇ ಆಯಿತು. "ನೋವು ಅಂತ ಕೂತರೆ ಕಾಲು ಹಾಗೇ ಬಿಗಿದುಕೊಳ್ಳುತ್ತೆ, ಈಗಲೇ ನಡೆಸಬೇಕು" ಎಂದು ಡಾಕ್ಟರು ನನಗೆ ತಾಕೀತು ಮಾಡಿದರು. ನನಗೆ ಹೇಳಿ ಏನುಪಯೋಗ? ಕೂಕಟ್‌ಪಲ್ಲಿಯ ನಮ್ಮ ಕೆಳಮಹಡಿಯ ಫ್ಲ್ಯಾಟಿಗೆ ಬಂದು ಹಾಸಿಗೆ ಸೇರಿದವಳು ಏಳುವ ಮಾತೇ ಎತ್ತಲಿಲ್ಲ.

ನೋಡಲು ಬಂದವರು

ಮೊದಲು ಬಂದವರು ಕಲಬುರಗಿ ಕಡೆಯ ಒಬ್ಬ ಹೆಣ್ಣುಮಗಳು, ಎದುರು ಬಿಲ್ಡಿಂಗಿನವರು. ಬಾಳೆಹಣ್ಣು ಇಟ್ಟು, ಪಕ್ಕದಲ್ಲಿ ಕೂತು, "ನಮ್ಮ ನೆಗೆಣ್ಣಿಗೂ ಇದೇ ಆಪರೇಷನ್ ಆಗಿತ್ರಿ" ಎಂದರು.

"ಈಗ ಹ್ಯಾಂಗದಾರ?" ಎಂದಳು ನನ್ನಾಕೆ ಆಸೆಯಿಂದ.

"ಇನ್ನೂ ಮಲಗ್ಯಾಳ್ರಿ."

ನಾನು ಕೆಮ್ಮಿದೆ. ಅವರಿಗೆ ತಿಳಿಯಲಿಲ್ಲ. "ನನ್ನ ಮೊಣಕಾಲೂ ಕಟಕಟ ಅನ್ನಾಕತ್ತೈತಿ, ಮುಂದ ನನ್ನ ಗತಿ ಏನ್ರಿ" ಎಂದು ಸೆರಗಿಗೆ ಕಣ್ಣೊರೆಸಿಕೊಂಡರು. ಹಾಸಿಗೆಯ ಮೇಲಿದ್ದ ರೋಗಿ ಅವರ ಬೆನ್ನು ಸವರಿ ಸಮಾಧಾನ ಮಾಡಿದಳು. ನಾನು ಚಹಾ ಕೊಟ್ಟೆ. ಅದು ಸಾಲದೆ ಮತ್ತೆ ಕೊಟ್ಟೆ. ಹೋಗುವಷ್ಟರಲ್ಲಿ, ತಂದ ಬಾಳೆಹಣ್ಣಿನಲ್ಲಿ ಅರ್ಧ ಅವರೇ ತಿಂದಿದ್ದರು, ಅಶಕ್ತಿಗೆ.

ವ್ಯಾಯಾಮ

ಕಾಲು ಮಡಚಿಸಲು ದಿನಾ ಒಬ್ಬ ಫಿಸಿಯೋಥೆರಪಿಸ್ಟ್ ಬರುತ್ತಿದ್ದ. ಸಣಕಲ ಮನುಷ್ಯ, ದಿಲ್‌ಸುಖ್‌ನಗರದಿಂದ ಮೆಟ್ರೋ ಹಿಡಿದು ಬರುವವನು. ಅವನು ಮೊಣಕಾಲಿಗೆ ಕೈಹಾಕುವ ಮೊದಲೇ ಇವಳು, "ಅಷ್ಟು ದೂರಿಂದ ಬಂದೀಯಪ್ಪಾ, ಹೊಟ್ಟಿ ಹಸದಿರ್ತೈತಿ" ಎಂದು ನನ್ನತ್ತ ಕಣ್ಣು ಬಿಡುವಳು. ನಾನು ಅವಲಕ್ಕಿ ತರಬೇಕು. ಮುಗಿಯುವಷ್ಟರಲ್ಲಿ ಶೇಂಗಾ ಹೋಳಿಗೆ. ಮೇಲೆ ಮಜ್ಜಿಗೆ. ಅಷ್ಟೊತ್ತಿಗೆ ಅವನ ಮುಂದಿನ ರೋಗಿಯ ಫೋನು.

ಕೊನೆಗೆ ಒಂದು ದಿನ ಅವನೇ ನನ್ನನ್ನು ಪಕ್ಕಕ್ಕೆ ಕರೆದ. "ಅಂಕಲ್, ಇಲ್ಲಿ ವ್ಯಾಯಾಮ ಆಗ್ತಿರೋದು ನನ್ನ ದವಡೆಗೆ ಮಾತ್ರ. ಪ್ಯಾಂಟು ಬಿಗಿಯಾಗ್ತಿದೆ."

ವಾಕರ್

ಹಿಡಿದು ನಡೆಯಲೆಂದು ವಾಕರ್ ತಂದುಕೊಟ್ಟೆ. ಎರಡೇ ದಿನದಲ್ಲಿ ಇವಳು ಕೆಲಸದವಳಿಗೆ ಹೇಳಿ ಅದನ್ನು ಬಾಲ್ಕನಿಗೆ ಸಾಗಿಸಿದಳು. ಮೇಲೆ ನನ್ನ ಪಂಚೆ, ಬನಿಯನ್ನು, ಟವೆಲ್ಲು.

"ಇದನ್ನ ಹಿಡಕೊಂಡು ನಡಿಯಂತ ತಂದ್ರ ಇದೇನಿದು?" ಎಂದು ಕೂಗಾಡಿದೆ.

"ನಡೀತಿನ್ರಿ. ಒಣಗಲಿ ತಡೀರಿ" ಎಂದಳು.

ಪುಂಡಿಪಲ್ಯದ ಬಂಡಿ

ಆದರೆ ಅಂದು ಸಂಜೆ ದೀಪ ಹಚ್ಚುವಾಗ ಆಕೆ ಮೆಲ್ಲಗೆ, "ಇನ್ನ ಈ ಕಾಲು ಇಷ್ಟೇ ಬಿಡ್ರಿ. ನಾ ಮತ್ತ ಕೋಠಿ ಬಜಾರ ಕಾಣಂಗಿಲ್ಲ" ಎಂದಳು. ಮರುದಿನ ವಾಚ್‌ಮನ್ನೂ ನಾನೂ ಕುರ್ಚಿ ಸಮೇತ ಅವಳನ್ನು ಎತ್ತಿ ಗೇಟಿನ ಬಳಿ ಕೂರಿಸಿದೆವು. ಗಾಳಿಯಾದರೂ ತಗಲಲಿ ಎಂದು.

ತರಕಾರಿ ಬಂಡಿ ಬಂತು. ಅದರಲ್ಲಿ ಪುಂಡಿಪಲ್ಯದ ಹುಳಿಸೊಪ್ಪು ಹಸಿರು ಹಸಿರಾಗಿತ್ತು. ಬಂಡಿಯವನು ರೇಟು ಹೇಳಿದ. ಇವಳು ಅರ್ಧ ಅಂದಳು. "ನೈ ಅಮ್ಮಾ, ನೈ ಹೋತಾ" ಎಂದು ಅವನು ತಲೆ ಅಲ್ಲಾಡಿಸಿದ.

ಕೋಠಿಯ ಬಜಾರಿನಲ್ಲಿ ಇವಳದೊಂದು ಪದ್ಧತಿ ಉಂಟು: ಅರ್ಧಕ್ಕೆ ಕೇಳುವುದು, ಕೊಡದಿದ್ದರೆ ಬೆನ್ನು ತಿರುಗಿಸಿ ನಡೆದುಬಿಡುವುದು. ಅಂಗಡಿಯವನು ಕೂಗಿ ಕರೆಯಲೇಬೇಕು. ಜೀವಮಾನದ ಚಟ.

"ಬ್ಯಾಡ ಬಿಡು!" ಎಂದಳು. ಎದ್ದಳು. ಬೆನ್ನು ತಿರುಗಿಸಿ, ಕಂಪೌಂಡ್ ಗೋಡೆ ಹಿಡಿದು ನಡೆದೇಬಿಟ್ಟಳು!

ಬಂಡಿಯವನು ಕರೆಯಲು ಬಾಯಿ ತೆರೆದ. ನಾನು ಹಾರಿ ಹೋಗಿ ಅವನ ಬಾಯಿ ಮುಚ್ಚಿದೆ. "ಮಾರಾಯಾ, ಕರೀಬ್ಯಾಡ! ರೇಟ್ ಇಳಿಸಬ್ಯಾಡ!"

ಅವಳು ನಿಧಾನ ಮಾಡಿದಳು. ಕಿವಿ ಹಿಂದಕ್ಕೇ ಇತ್ತು. ಕರೆ ಬರಲಿಲ್ಲ. ಕರೆಯದೆ ಹಿಂತಿರುಗುವ ಪೈಕಿಯವಳಲ್ಲ; ಹಟಕ್ಕೆ ಇನ್ನೂ ಮುಂದೆ ಹೋದಳು. ಗೋಡೆ ಮುಗಿಯಿತು. ಗಕ್ಕನೆ ತಿರುಗಿದಳು.

"ಅವಗ ಬಾಯಿ ಇಲ್ಲೇನು? ಯಾಕ ಕರೀವಲ್ಲ?"

ನನ್ನ ಅಂಗೈ ಸರಿಸಿ ಅವನು, "ಸಾಬ್ ಬೋಲ್ನೇಚ್ ನೈ ದೇರೇ ಅಮ್ಮಾ!" ಎಂದು, ಮಾತಾಡಲಿಕ್ಕೇ ಬಿಡದ ನನ್ನತ್ತ ಬೆರಳು ತೋರಿಸಿದ.

ನನ್ನನ್ನು ಬೈಯಲು ಅಷ್ಟೂ ದೂರ ವಾಪಸ್ ಬಂದಳು, ಗೋಡೆ ಹಿಡಿಯುವುದನ್ನೂ ಮರೆತು. ಬೈದು ಮುಗಿಸಿ, ಅರ್ಧ ರೇಟಿಗೇ ಪಲ್ಯ ಕಿತ್ತುಕೊಂಡು, ಕೊತ್ತಂಬರಿಯನ್ನೂ ಪುಕ್ಕಟೆ ಹಾಕಿಸಿಕೊಂಡ ಮೇಲೆ ತನ್ನ ಕಾಲನ್ನು ನೋಡಿಕೊಂಡಳು. ಮೆಲ್ಲಗೆ ಕುರ್ಚಿಯಲ್ಲಿ ಕೂತಳು. ಕಣ್ಣು ತುಂಬಿತ್ತು. "ಪಲ್ಯ ಎಳೇದೈತಿ" ಎಂದಳು, ಅಷ್ಟೇ.

ನಾನು ಬಂಡಿಯವನನ್ನು ಅತ್ತ ಕರೆದೊಯ್ದೆ. "ನಾಳೆಯೂ ಬಾ. ಆಕಿ ಆ ಮೂಲೆಗೆ ಮುಟ್ಟೂ ತನಕ ಕರೀಬ್ಯಾಡ. ನಿನಗ ಬ್ಯಾರೆ ರೊಕ್ಕ ಕೊಡ್ತೀನಿ."

ಅವನು ಮೂಲೆಯನ್ನು ನೋಡಿದ, ಲೆಕ್ಕ ಹಾಕಿದ, ಬಾಯಿಗೆ ಬಂದ ರೇಟು ಹೇಳಿದ. ನಾನೂ ಕಡಿಮೆಯವನೇ? ಅರ್ಧ ಅಂದೆ. ಒಪ್ಪಲಿಲ್ಲ. ಜೀವನದಲ್ಲಿ ಮೊದಲ ಸಲ ಠೀವಿಯಿಂದ ಬೆನ್ನು ತಿರುಗಿಸಿ ನಡೆದೆ.

ಮೂಲೆ ಮುಟ್ಟಿದರೂ ಕರೆಯಲಿಲ್ಲ. ನಾನೇ ಓಡಿ ಬಂದು, ಹೇಳಿದಷ್ಟು ಕೊಟ್ಟೆ.