ಅನಾಮಿಕ ಮಹಿಳೆಯ ಹಿಮ್ಮಡಿ

ಬೆಳಿಗ್ಗೆ ಎದ್ದು ನೀರು ತುಂಬಿದೆ. ದೋಸೆ ಹೊಯ್ದೆ. ಬಟ್ಟೆ ಒಗೆದು ಮಾಡಿನ ಕೆಳಗೆ ಹರವಿದೆ. ಮಲ್ಲಿಗೆ ಮುಡಿದು ಅಂಕೋಲೆಯಲ್ಲಿ ಕಾರವಾರದ ಬಸ್ಸು ಹತ್ತಿದೆ. ಅಲ್ಲಿನ ಕಲಾ ಪ್ರದರ್ಶನದಲ್ಲಿ ನನ್ನ ಫೋಟೋ ಇದೆ, ಸುಮ್ಮನೆಯೇ? ಪಕ್ಕದ ಮನೆಯ ಶೇವಂತಿಯನ್ನೂ ಅವಳ ಅತ್ತೆಯನ್ನೂ ಒತ್ತಾಯ ಮಾಡಿ ಕರೆದೊಯ್ದೆ.

ಫೋಟೋ ತೆಗೆದವರು ನಮ್ಮನೆಯವರು. ಮೊದಲು ಮದುವೆ ಮನೆಗಳಲ್ಲಿ "ಸ್ವಲ್ಪ ನಗಿ, ಗಲ್ಲ ಎತ್ತಿ" ಎನ್ನುತ್ತಿದ್ದರು. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಸ್ಟುಡಿಯೋ ಬಾಗಿಲು ಹಾಕಿ ಕಲಾವಿದರಾದರು! ಈಗ ನಗುವವರನ್ನು ಕಂಡರೆ ಆಗುವುದಿಲ್ಲ. ನಕ್ಕರೆ ಸತ್ಯ ಓಡಿಹೋಗುತ್ತದಂತೆ.

ಮೇ ತಿಂಗಳಲ್ಲಿ ಬೇಲೆಕೇರಿಯ ಶೆಟ್ಲಿ ಸಿಗಡಿಯನ್ನು ಮಳೆಗಾಲಕ್ಕೆಂದು ಅಂಗಳದಲ್ಲಿ ಒಣಹಾಕಿ, ಕೋಲು ಹಿಡಿದು ಕಾಗೆ ಕಾಯುತ್ತಿದ್ದೆ. ಇವರು ಕ್ಯಾಮೆರಾ ತಂದರು.

"ಹಾಗೇ ನಿಲ್ಲು. ನನ್ನ ಪ್ರದರ್ಶನದ ಜೀವವೇ ನೀನು."

ಮದುವೆಯಾದ ಮೇಲೆ ಇಂಥ ಮಾತು ಕೇಳಿದ್ದು ಅದೇ ಮೊದಲು! ಒಳಗೋಡಿ ಪೌಡರ್ ಹಚ್ಚಿ, ರೇಷ್ಮೆ ಸೀರೆ ಉಟ್ಟು ಬಂದೆ.

"ಹೋಯ್, ಕಾಗೆ ಬಂತು!"

"ಓಡಿಸಬೇಡ ಮಾರಾಯ್ತಿ! ಬೆಳಕು ಈಗ ಸರಿಯಾಗಿದೆ."

ನಾನು ಕೋಲು ಬಿಟ್ಟು, ಗಲ್ಲ ಎತ್ತಿ, ನಗದೆ ನಿಂತೆ. ಕಾಗೆಯ ಬಂಧುಬಳಗವೆಲ್ಲ ಬಂತು. ಬೆಳಕು ಹೋಗುವಷ್ಟರಲ್ಲಿ ಶೆಟ್ಲಿಯೂ ಹೋಗಿತ್ತು. ಹೋಗಲಿ, ಫೋಟೋ ಉಳಿಯಿತಲ್ಲ ಎಂದುಕೊಂಡೆ.

ಕಾರವಾರದ ಸಭಾಂಗಣದಲ್ಲಿ ಗೋಡೆಯಗಲದ ಫೋಟೋ. ತುಂಬ ಕಾಗೆಗಳು. ಒಂದರ ಮುಖವಂತೂ ಕಣ್ಣು, ಕೊಕ್ಕು ಸಮೇತ ಸ್ಪಷ್ಟ. ನಾನೆಲ್ಲಿ? ಶೇವಂತಿ ಫೋಟೋದ ಮೂಲೆಗೆ ಬಗ್ಗಿದಳು.

"ವೈನಿ, ಈ ಒಡೆದ ಹಿಮ್ಮಡಿ ನಿಮ್ಮದಲ್ವೇ?"

ಅವಳ ಅತ್ತೆ ಕನ್ನಡಕ ಏರಿಸಿ, "ಹೌದೇ ಹೌದು, ಇವಳದ್ದೇ" ಎಂದು ಸಾಕ್ಷಿ ಹೇಳಿದರು!

ಕೆಳಗೆ ಬರೆದಿತ್ತು: 'ಕಾಗೆಗಳು ಮತ್ತು ಅನಾಮಿಕ ಮಹಿಳೆ'.

ಅನಾಮಿಕ! ಮೂರು ಹೊತ್ತು ಬಡಿಸುವವಳಿಗೆ ಹೆಸರಿಲ್ಲ! ನನ್ನ ಮೈಯೆಲ್ಲ ಉರಿಯಿತು, ಅಲ್ಲೇ ನಿಂತಿದ್ದ ಇವರನ್ನು ಹಿಡಿದು ಕೇಳಿದೆ.

"ಎಂತ ಇದು? ನನ್ನ ಮುಖ ಎಲ್ಲಿ?"

"ಮುಖ ಬಂದರೆ ಅಲ್ಲಿ ಬರೀ ನೀನು ಇರುತ್ತೀಯ. ಹಿಮ್ಮಡಿಯಲ್ಲಾದರೆ ಇಡೀ ಕರಾವಳಿಯೇ ಇದೆ."

"ಹಾಗಾದರೆ ರಾತ್ರಿ ಅಡುಗೆಯನ್ನೂ ಕರಾವಳಿಯೇ ಮಾಡಲಿ!" ಎಂದು ಕೂಗಿದೆ. ಸುತ್ತಲಿದ್ದವರು ಇದೂ ಪ್ರದರ್ಶನದ ಭಾಗವೆಂದು ಚಪ್ಪಾಳೆ ತಟ್ಟಿದರು!

ಕರಾವಳಿ ಬರಲಿಲ್ಲ, ನಾನೇ ಗಂಜಿ ಬೇಯಿಸಿದೆ. ಜೊತೆಗೆ ಉಪ್ಪಿನಕಾಯಿ. ಇವರು ಶೆಟ್ಲಿ ಚಟ್ನಿ ಕೇಳಿದರು. ಕಾಗೆಗಳನ್ನು ಕೇಳಿ ಎಂದೆ. ಉಂಡು ಇವರೇ ಮೊದಲು ಮಲಗಿದರು, ಗೊರಕೆ ಸಮೇತ. ನಾನು ಸಿಟ್ಟಿನಲ್ಲಿ ಕೂತೇ ಇದ್ದೆ, ಹಿಮ್ಮಡಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತ. ಪ್ರದರ್ಶನ ನಾಳೆಯೂ ಇದೆ. ದಾರಿಯಲ್ಲಿ ಯಾರಾದರೂ ಗುರುತು ಹಿಡಿದರೆ!