ಶೆಲ್ಫಿಗೆ ಹಾಸಿದ ಪ್ರೋಗ್ರಾಮು

ಕೆಲಸವನ್ನು ನಾಳೆಗೆ ಹಾಕುವವರನ್ನು ಜನ ಸೋಮಾರಿಗಳೆಂದು ಕರೆಯುತ್ತಾರೆ. ಇದು ಅನ್ಯಾಯ. ಸೋಮಾರಿಗೆ ಮಾಡಬೇಕಾದ ಕೆಲಸ ನೆನಪಿಗೇ ಬರುವುದಿಲ್ಲ. ಬಂದರೂ ಅದರಿಂದ ಅವನ ನಿದ್ದೆಗೆ ಭಂಗವಿಲ್ಲ. ನನ್ನಂಥವನಿಗೆ ನೆನಪೂ ಇರುತ್ತದೆ, ಮನಸ್ಸು ಚುಚ್ಚುತ್ತಲೂ ಇರುತ್ತದೆ. ಅದಕ್ಕೆ ನಾನು ಕಂಡುಕೊಂಡ ಔಷಧವೆಂದರೆ ಬರೆದಿಡುವುದು. ‘ನಾಳೆ ಬಚ್ಚಲಿನ ನಲ್ಲಿಗೆ ವಾಷರ್ ಹಾಕಬೇಕು’ ಎಂದು ಒಂದು ಚೀಟಿಯಲ್ಲಿ ಬರೆದುಬಿಟ್ಟರೆ ಮುಕ್ಕಾಲು ಪಾಲು ವಾಷರ್ ಹಾಕಿದಷ್ಟು ನೆಮ್ಮದಿ. ಉಳಿದ ಕಾಲು ಪಾಲನ್ನು ನನ್ನ ಹೆಂಡತಿ ರತ್ನ ನಲ್ಲಿಯ ಕೆಳಗೆ ಬಕೆಟ್ ಇಟ್ಟು ಪೂರೈಸುತ್ತಾಳೆ. ಮದುವೆಯಾದ ಹೊಸತರಲ್ಲಿ ಅವಳು ಆ ಚೀಟಿಗಳನ್ನು ಜೋಪಾನವಾಗಿ ತಂದು ನನ್ನ ಕೈಗೆ ಕೊಡುತ್ತಿದ್ದಳು. ಆಮೇಲೆ ಕೊಡುವುದನ್ನು ಬಿಟ್ಟಳು. ನನ್ನ ಈ ಗುಣದಿಂದಾಗಿ ಕುವೈತಿನಲ್ಲಿ ಒಂದು ಕಾರ್ಖಾನೆಗೇ ನೆನಪು ತಪ್ಪಿತ್ತು. ಆ ಕಥೆಯನ್ನು ಇಷ್ಟು ವರ್ಷ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ.

ಸಬ್ಹಾನ್‌ನಲ್ಲಿದ್ದ ನಮ್ಮ ಕಾರ್ಖಾನೆ ಖುಬ್ಬೂಸ್ ಮಾಡುತ್ತಿತ್ತು. ಕೈಯಗಲದ, ಪೂರಿಯಂತೆ ಉಬ್ಬಿ ಆಮೇಲೆ ಸುಮ್ಮನೆ ಮಲಗುವ ಅರಬರ ರೊಟ್ಟಿ ಅದು. ಹಿಟ್ಟು ನಾದುವುದರಿಂದ ಹಿಡಿದು ರೊಟ್ಟಿ ಆರಿಸುವವರೆಗೆ ಎಲ್ಲವನ್ನೂ ನಡೆಸುತ್ತಿದ್ದದ್ದು ಕಬ್ಬಿಣದ ಬೀರುವಿನಲ್ಲಿ ಕೂತ ಒಂದು ಕಂಟ್ರೋಲರ್. ಬೆಲ್ಟು ಯಾವಾಗ ಓಡಬೇಕು, ಚಾಕು ಯಾವಾಗ ಇಳಿಯಬೇಕು, ಒಲೆಯ ಬಾಗಿಲು ತೆರೆದಿದ್ದರೆ ಯಾರು ಯಾರು ಸುಮ್ಮನಿರಬೇಕು ಎಂಬ ಪ್ರೋಗ್ರಾಮು ಅದರ ಹೊಟ್ಟೆಯಲ್ಲಿತ್ತು. ಆಗಿನ ಕಂಟ್ರೋಲರ್‌ಗಳ ಸ್ವಭಾವ ವಿಚಿತ್ರ. ಕರೆಂಟು ಇರುವತನಕ ಎಲ್ಲ ನೆನಪಿರುತ್ತದೆ. ಕರೆಂಟು ಹೋದರೆ ಒಳಗಿನ ಹೆಬ್ಬೆರಳು ಗಾತ್ರದ ಬ್ಯಾಟರಿಯೊಂದು ಆ ನೆನಪನ್ನು ಹಿಡಿದುಕೊಂಡಿರುತ್ತದೆ. ಬ್ಯಾಟರಿಯೂ ಸತ್ತರೆ ಮುಗಿಯಿತು, ಯಂತ್ರಕ್ಕೆ ತಾನು ಯಾರೆಂಬುದೂ ತಿಳಿಯದು. ಬ್ಯಾಟರಿ ಮುಗಿಯುತ್ತಾ ಬಂದಾಗ ಒಂದು ಚಿಕ್ಕ ಕೆಂಪು ದೀಪ ಹತ್ತಿ ಎಚ್ಚರಿಸುತ್ತದೆ. ಕರೆಂಟು ಇರುವಾಗಲೇ, ಮುಖ್ಯ ಸ್ವಿಚ್ಚನ್ನು ಮುಟ್ಟದೆ, ಹಳೆಯದನ್ನು ತೆಗೆದು ಹೊಸದನ್ನು ಹಾಕಬೇಕು. ಎರಡು ನಿಮಿಷದ ಕೆಲಸ.

ತೊಂಬತ್ತರ ಜುಲೈಯಲ್ಲಿ ಆ ಕೆಂಪು ದೀಪ ಹತ್ತಿತು. ನಾನು ಸ್ಟೋರಿನಿಂದ ಹೊಸ ಬ್ಯಾಟರಿ ತರಿಸಿಕೊಂಡೆ, ಅಂಗಿಯ ಜೇಬಿಗೆ ಹಾಕಿಕೊಂಡೆ, ಬೀರುವಿನ ಮುಂದೆ ನಿಂತೆ. ಕೈ ಜಾರಿ ಏನಾದರೂ ಆಗಿಬಿಟ್ಟರೆ ಎಂಬ ಭಯ ಬಂತು. ಮೊದಲು ಪ್ರೋಗ್ರಾಮನ್ನು ಕಾಗದದ ಮೇಲೆ ಅಚ್ಚು ಹಾಕಿಕೊಂಡು, ಮನೆಯಲ್ಲಿ ಕೂತು ಓದಿ, ಆಮೇಲೆ ಧೈರ್ಯವಾಗಿ ಬ್ಯಾಟರಿ ಬದಲಿಸೋಣ ಎಂದುಕೊಂಡೆ. ಇಪ್ಪತ್ತಮೂರು ಹಾಳೆಯ ಮಡಿಕೆಯನ್ನು ಹೊತ್ತು ರಿಗ್ಗೈನ ನಮ್ಮ ಫ್ಲಾಟಿಗೆ ಬಂದೆ. ಹಾಳೆಗಳು ವಾರವಿಡೀ ಊಟದ ಮೇಜಿನ ಮೇಲಿದ್ದವು. ಅವನ್ನು ಓದುವುದಿದೆಯೇ ಎಂದು ರತ್ನ ಎರಡು ಸಲ ಕೇಳಿದಳು. ನಾಳೆ ಎಂದೆ. ಮೂರನೆಯ ಸಲ ಅವಳು ಕೇಳಲಿಲ್ಲ. ಸಂಜೆ ಬಂದು ನೋಡಿದರೆ ಅಡುಗೆಮನೆಯ ಶೆಲ್ಫುಗಳಿಗೆಲ್ಲ ಹೊಸ ಕಾಗದ. ಬಿಳಿ ಬದಿ ಮೇಲೆ, ಅಚ್ಚಾದ ಬದಿ ಕೆಳಗೆ. ಕಂಪ್ಯೂಟರ್ ಕಾಗದದ ಅಂಚಿನಲ್ಲಿ ಸಾಲಾಗಿ ತೂತುಗಳಿರುತ್ತವಲ್ಲ, ಆ ಅಂಚು ಎರಡು ಬೆರಳಿನಷ್ಟು ಹೊರಗೆ ಇಳಿಬಿದ್ದಿತ್ತು. ಲೇಸು ಹಾಕಿದ ಹಾಗೆ ಕಾಣುತ್ತದಲ್ಲವೇ ಎಂದು ಕೇಳಿದಳು. ನಮ್ಮ ಮೈಸೂರಿನ ಕಡೆಯ ಹೆಂಗಸರಿಗೆ ಶೆಲ್ಫು ಬೋಳಾಗಿರಬಾರದು. ಹಬ್ಬಕ್ಕೊಂದು ಸಲ ಕಾಗದ ಬದಲಾಗಲೇಬೇಕು. ಆಫೀಸಿನ ಕಾಗದವೆಂದು ಸ್ವಲ್ಪ ಗೊಣಗಿದೆ. ಗೊಣಗಾಟದ ಒಳಗಡೆ ಸಮಾಧಾನವೂ ಇತ್ತು, ಓದುವ ಕೆಲಸ ತಪ್ಪಿತಲ್ಲ.

ಆಗಸ್ಟ್ ಎರಡರ ಬೆಳಿಗ್ಗೆ ಇರಾಕಿನ ಸೈನ್ಯ ಒಳಗೆ ಬಂತು. ಅದರ ವಿವರಗಳನ್ನು ನನಗಿಂತ ಚೆನ್ನಾಗಿ ಹೇಳುವವರಿದ್ದಾರೆ. ನಮಗೆ ಗೊತ್ತಾದದ್ದು ಕಾರ್ಖಾನೆ ನಿಂತಿತು, ಕರೆಂಟು ಹೋಯಿತು, ತಿಂಗಳ ಕೊನೆಗೆ ಬಸ್ಸು ಹತ್ತಿದೆವು ಎಂಬಷ್ಟೇ. ಬಸ್ಸು ಕೆಳಗೆ ಹಾರ್ನ್ ಹೊಡೆಯುತ್ತಿದ್ದಾಗ ರತ್ನ ದೇವರ ಗೂಡಿನ ಮುಂದೆ ನಿಂತು, ಅವಳ ತಾಯಿ ಕೊಟ್ಟ ಜೋಡಿ ಬೆಳ್ಳಿ ದೀಪಗಳನ್ನು ಅವುಗಳ ಅಡಿಯ ಕಾಗದದಲ್ಲೇ ಸುತ್ತುತ್ತಿದ್ದಳು. ನಾನು ಬೈದೆ. ಅವಳು ಸಾವಕಾಶವಾಗಿ ಸುತ್ತಿ, ದಾರ ಕಟ್ಟಿ, ಗಂಟು ಹಾಕಿ ಬಂದಳು. ಬಗ್ದಾದು, ಅಮ್ಮಾನ್, ಬೊಂಬಾಯಿ ದಾಟಿ ಮೈಸೂರಿನ ಅವಳ ತೌರುಮನೆ ಸೇರಿದ ಮೇಲೂ ಆ ಗಂಟು ಬಿಚ್ಚಲಿಲ್ಲ. ದೀಪಾವಳಿಗೆ ಅವಳ ತಾಯಿ ಕೇಳಿದರೆ, ಕುವೈತಿನ ನಮ್ಮ ಮನೆಗೆ ಹೋದ ಮೇಲೇ ಬಿಚ್ಚುವುದು ಎಂದಳಂತೆ. ಆಗ ನನಗೆ ಕೆಲಸವಿರಲಿಲ್ಲ. ಭಾವಮೈದುನನ ಮನೆಯ ಜಗಲಿಯಲ್ಲಿ ಕೂತು ಪೇಪರು ಓದುತ್ತಿದ್ದೆ. ಆ ಗಂಟನ್ನು ನೋಡಿದಾಗಲೆಲ್ಲ ನನ್ನ ಮೇಲೆ ಇನ್ನೂ ಯಾರಿಗೋ ನಂಬಿಕೆಯಿದೆ ಅನ್ನಿಸುತ್ತಿತ್ತು.

ತೊಂಬತ್ತೊಂದರ ಬೇಸಿಗೆಯಲ್ಲಿ ನಮ್ಮ ಕಫೀಲ್, ಕಾರ್ಖಾನೆಯ ಯಜಮಾನ ಅಬು ಖಾಲಿದ್, ನನ್ನನ್ನೂ ಲಾರೆನ್ಸನನ್ನೂ ವಾಪಸು ಕರೆಸಿಕೊಂಡ. ಲಾರೆನ್ಸ್ ಮಂಗಳೂರಿನ ಕಡೆಯ ಎಲೆಕ್ಟ್ರಿಷಿಯನ್. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದಿದ್ದ. ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದವು, ನಡುಮಧ್ಯಾಹ್ನ ಕಾರುಗಳು ದೀಪ ಹಾಕಿಕೊಂಡು ಓಡುತ್ತಿದ್ದವು, ಒಣಗಹಾಕಿದ ಬನಿಯನ್ನು ಮಸಿಬಟ್ಟೆಯಾಗುತ್ತಿತ್ತು. ಅಬು ಖಾಲಿದ್ ನನ್ನ ಹೆಸರು ಹಿಡಿದು ಕರೆದವನಲ್ಲ. ಇಂಜಿನಿಯರ್ ಎಂಬುದಕ್ಕೆ ಅರಬ್ಬಿ ಮಾತು ಮುಹಂದಿಸ್. ನಾನು ಅವನಿಗೆ ಅದೇ. ಅವನು ಮಾತನ್ನು ಸುತ್ತಿ ಬಳಸಿ ಆಡಲಿಲ್ಲ. "ಮುಹಂದಿಸ್, ತಿಂಗಳೊಳಗೆ ಖುಬ್ಬೂಸ್ ಹೊರಗೆ ಬಂದರೆ ನಿಮ್ಮಿಬ್ಬರ ಮನೆಯವರಿಗೂ ವೀಸಾ. ಬರದಿದ್ದರೆ ಖಲಾಸ್, ಈ ಜಾಗ ಮಾರುತ್ತೇನೆ, ನೀವೂ ಊರಿಗೆ ಹೋಗಿ."

ಯಂತ್ರವನ್ನು ಸೈನಿಕರು ಮುಟ್ಟಿರಲಿಲ್ಲ. ಹೊತ್ತುಕೊಂಡು ಹೋಗಲು ಅದು ತೀರ ಭಾರ. ಆಫೀಸಿನ ಕಂಪ್ಯೂಟರ್ ಮಾತ್ರ ಪ್ರೋಗ್ರಾಮಿನ ಫ್ಲಾಪಿಗಳ ಸಮೇತ ಹೋಗಿತ್ತು. ಕರೆಂಟು ಕೊಟ್ಟೆವು. ಯಂತ್ರ ಸಿದ್ಧವೆಂದು ಹೇಳುವ ಹಸಿರು ದೀಪ ಹತ್ತಲಿಲ್ಲ. ಲಾರೆನ್ಸ್ ವೈರು ಎಳೆದು ನೋಡಿದ, ಫ್ಯೂಸು ನೋಡಿದ, ಕೀಲಿ ತಿರುಗಿಸಿ ಮರಳಿ ತಿರುಗಿಸಿದ. ಮೂರು ದಿನ ಎಲ್ಲ ಕಡೆ ಹುಡುಕಿದೆವು. ನೋಡಬೇಕಾದ ಒಂದು ಜಾಗವನ್ನು ಮಾತ್ರ ನಾನು ಕೊನೆಗೆ ಇಟ್ಟುಕೊಂಡಿದ್ದೆ. ನಾಲ್ಕನೆಯ ದಿನ ಕೈಯಲ್ಲಿ ಹಿಡಿಯುವ ಪ್ರೋಗ್ರಾಮರ್ ಎಂಬ ಉಪಕರಣವನ್ನು ಸಿಕ್ಕಿಸಿ ಲಾರೆನ್ಸ್ ಒಂದೊಂದೇ ಸಾಲು ಮುಂದಕ್ಕೆ ಒತ್ತುತ್ತಾ ಹೋದ. "ಇದರಲ್ಲಿ ಎಂತದೂ ಇಲ್ಲ ಸಾರ್. ಪೂರಾ ಖಾಲಿ" ಎಂದ. ಬ್ಯಾಟರಿಗೆ ಮೀಟರು ಹಿಡಿದೆ. ಮುಳ್ಳು ಸೊನ್ನೆಯಿಂದ ಕದಲಲಿಲ್ಲ.

ಜುಲೈಯಲ್ಲಿ ಹೊಸ ಬ್ಯಾಟರಿ ಹಾಕಿದ್ದಿದ್ದರೆ ಅದು ಎರಡು ವರ್ಷ ಕರೆಂಟಿಲ್ಲದೆಯೂ ಪ್ರೋಗ್ರಾಮನ್ನು ಹಿಡಿದುಕೊಂಡಿರುತ್ತಿತ್ತು. ಇದು ನನಗೊಬ್ಬನಿಗೇ ಗೊತ್ತಿತ್ತು. ಲಾರೆನ್ಸ್ ನಿಟ್ಟುಸಿರುಬಿಟ್ಟು, ಯುದ್ಧ ಬಂದ ಮೇಲೆ ಯಾರು ಎಂತ ಮಾಡಲಿಕ್ಕಾಗುತ್ತದೆ ಎಂದ. ಅಬು ಖಾಲಿದ್ ಬಂದು ಯಂತ್ರದ ಬೀರುವನ್ನು ಸವರಿ, ಕಳ್ಳರು ಇದರ ನೆನಪನ್ನೂ ಬಿಡಲಿಲ್ಲ ಎಂದು ಕಣ್ಣೀರು ಹಾಕಿಕೊಂಡ. ನಾನು ತಲೆಯಾಡಿಸಿದೆ. ಆ ಸೈನಿಕರ ತಲೆಯ ಮೇಲಿದ್ದ ಪಾಪಗಳ ಗಂಟಿನಲ್ಲಿ ಒಂದು ಚಿಕ್ಕದು ನನ್ನದು. ಅಷ್ಟು ದೊಡ್ಡ ಗಂಟಿನಲ್ಲಿ ಇದು ಯಾರಿಗೂ ಕಾಣುವುದಿಲ್ಲ ಎಂದು ಸಮಾಧಾನ ಹೇಳಿಕೊಂಡೆ, ಆದರೆ ಆ ದಿನ ಊಟ ಸೇರಲಿಲ್ಲ.

ಯಂತ್ರ ಮಾರಿದವರಿಗೆ ಬರೆದರೆ ಅವರ ಮನುಷ್ಯ ಬರಲು ಮೂರು ತಿಂಗಳೆಂದರು. ಆಗ ನೆನಪಾದದ್ದು ನಮ್ಮ ಅಡುಗೆಮನೆ. ಲಾರೆನ್ಸನನ್ನು ಕರೆದುಕೊಂಡು ರಿಗ್ಗೈಗೆ ಓಡಿದೆ. ಫ್ಲಾಟಿನ ಬಾಗಿಲು ಮುರಿದಿತ್ತು. ಟಿ.ವಿ., ಫ್ರಿಜ್ಜು, ಹಾಸಿಗೆ, ಪರದೆ, ಪರದೆಯ ಕಂಬಿ, ಎಲ್ಲ ಹೋಗಿತ್ತು. ಅಡುಗೆಮನೆಯಲ್ಲಿ ಅಕ್ಕಿ, ಸಕ್ಕರೆ, ಚಹಾಪುಡಿ ಹೋಗಿತ್ತು. ಉಳಿದಿದ್ದವು ಇಂಗು, ಹುಣಸೆಹಣ್ಣು, ಮೆಂತ್ಯದ ಡಬ್ಬ. ಮತ್ತು ಶೆಲ್ಫಿನ ಕಾಗದ. ಲೇಸಿನಂಥ ಅಂಚು ಇನ್ನೂ ಹಾಗೇ ಇಳಿಬಿದ್ದಿತ್ತು. ಅದನ್ನು ಕಂಡು ನಾನು ಅಲ್ಲೇ ಕೂತುಬಿಟ್ಟೆ. ಅತ್ತೆನೆಂದು ಲಾರೆನ್ಸ್ ಎಲ್ಲರಿಗೂ ಹೇಳುತ್ತಾನೆ. ಇಂಗಿನ ಘಾಟು ಎಂದು ನಾನು ಹೇಳುತ್ತೇನೆ. ಇಬ್ಬರೂ ಸೇರಿ ಒಂದೊಂದೇ ಹಾಳೆಯನ್ನು ಎತ್ತಿದೆವು. ಬಿಳಿ ಬದಿಯಲ್ಲಿ ಎಣ್ಣೆಯ ವೃತ್ತಗಳು, ಅರಿಶಿನದ ಕಲೆ. ಕೆಳಗಿನ ಬದಿಯಲ್ಲಿ ಪ್ರೋಗ್ರಾಮು ಅಕ್ಷರ ಮಾಸದೆ ಇತ್ತು. ಮೆಂತ್ಯದ ಡಬ್ಬವನ್ನು ಎತ್ತಿದಾಗ ಒಳಗೆ ಏನೋ ಲಟಕ್ಕೆಂದಿತು. ತೆರೆದು ನೋಡಿದರೆ ಮೆಂತ್ಯದ ನಡುವೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬ್ಯಾಟರಿ. ಒಗೆಯುವ ಮುಂಚೆ ಜೇಬಿನಲ್ಲಿ ಸಿಕ್ಕಿದ್ದನ್ನು ರತ್ನ ಇಂಥ ಡಬ್ಬಗಳಲ್ಲೇ ಹಾಕಿಡುತ್ತಿದ್ದಳು. ಲಾರೆನ್ಸ್ ನೋಡುವಷ್ಟರಲ್ಲಿ ಅದನ್ನು ಜೇಬಿಗೆ ಸೇರಿಸಿದೆ.

ಇಪ್ಪತ್ತೆರಡು ಹಾಳೆ ಸಿಕ್ಕವು. ಹದಿನೇಳನೆಯದು ಇಲ್ಲ. ಹಿಟ್ಟಿನ ಉಂಡೆ ಕತ್ತರಿಸುವ ಚಾಕುವಿನ ಹಾಳೆ ಅದು. ಆ ಹಾಳೆಯಿಲ್ಲದೆ ಯಂತ್ರ ನಡೆಸಿದರೆ ಚಾಕು ರೊಟ್ಟಿಯ ಮೇಲೆ ಇಳಿಯುತ್ತದೋ ಲಾರೆನ್ಸನ ಕೈಯ ಮೇಲೆ ಇಳಿಯುತ್ತದೋ ಹೇಳುವ ಹಾಗಿರಲಿಲ್ಲ. ದೇವರ ಗೂಡು ಮಾತ್ರ ಬೋಳಾಗಿತ್ತು. ಅದನ್ನು ನೋಡುತ್ತಿದ್ದ ಹಾಗೇ ಬಸ್ಸಿನ ಹಾರ್ನು, ಬೆಳ್ಳಿ ದೀಪ, ದಾರದ ಗಂಟು ಎಲ್ಲ ನೆನಪಾಯಿತು.

ಮೈಸೂರಿಗೆ ತಂತಿ ಕೊಟ್ಟು, ಶುಕ್ರವಾರ ಬೆಳಿಗ್ಗೆ ಪಕ್ಕದ ಮನೆಯ ಫೋನಿನ ಹತ್ತಿರ ದೀಪಗಳ ಸಮೇತ ಇರಬೇಕೆಂದು ರತ್ನಳಿಗೆ ತಿಳಿಸಿದೆ. ಅಬು ಖಾಲಿದ್ ತನ್ನ ಆಫೀಸಿನ ಫೋನು ಕೊಟ್ಟು, ತಾನೂ ಜಪಮಾಲೆ ಹಿಡಿದು ಎದುರಿಗೆ ಕೂತ. ದೀಪಗಳಿಗೆ ಸುತ್ತಿದ ಕಾಗದವನ್ನು ಬಿಚ್ಚಿ ಓದಿ ಹೇಳಬೇಕು ಎಂದೆ.

"ಅಲ್ಲಿಗೆ ಬಂದಮೇಲೇ ಬಿಚ್ತೀನಿ ಅಂತ ಇಟ್ಕೊಂಡಿದ್ದೆ ಕಣ್ರೀ."

"ಬಿಚ್ಚು ರತ್ನ. ಬಿಚ್ಚಿದ್ರೇನೇ ನೀನು ಬರೋಕಾಗೋದು."

ದಾರ ಹರಿದ ಸದ್ದು ಕೇಳಲಿಲ್ಲ. ಗಂಟನ್ನು ಬಿಚ್ಚಿಯೇ ತೆಗೆದಳೆಂದು ಕಾಣುತ್ತದೆ, ಅಷ್ಟು ತಡವಾಯಿತು. ಆಮೇಲೆ ಓದತೊಡಗಿದಳು. ಆ ಪ್ರೋಗ್ರಾಮು ಇದ್ದದ್ದು ಏಣಿಯ ಮೆಟ್ಟಿಲುಗಳಂತೆ ಬರೆದ ಚಿತ್ರಗಳಲ್ಲಿ; ಅವುಗಳಿಗೆ ಅವಳೇ ಹೆಸರಿಟ್ಟುಕೊಂಡಳು. ಎರಡು ಸಣ್ಣ ನಿಲುಗೆರೆ ಇದ್ದರೆ ಬಾಗಿಲು; ನಡುವೆ ಓರೆಗೆರೆ ಇದ್ದರೆ ಅಗುಳಿ ಹಾಕಿದ ಬಾಗಿಲು; ಸಾಲಿನ ಕೊನೆಯಲ್ಲಿ ದುಂಡು ಗುರುತು ಇದ್ದರೆ ಬಳೆ. ‘ಬಾಗಿಲು, ಅದರ ಮೇಲೆ ನಾಲ್ಕು ಸೊನ್ನೆ ಎರಡು. ಅಗುಳಿ ಹಾಕಿದ ಬಾಗಿಲು, ನಾಲ್ಕು ಒಂದು ಒಂದು. ಬಳೆ’ ಎಂದು ರಂಗೋಲಿಯ ಚುಕ್ಕಿ ಎಣಿಸುವವಳ ಸಹನೆಯಲ್ಲಿ ಹೇಳುತ್ತಾ ಹೋದಳು. ನಾನು ಬರೆದುಕೊಂಡೆ. ಹದಿನಾರು ಬಳೆಗಳಾದವು. ಜೀವನದಲ್ಲಿ ಅವಳಿಗೆ ನಾನು ಕೊಡಿಸಿದ್ದಕ್ಕಿಂತ ಹೆಚ್ಚು. ಕೊನೆಯಲ್ಲಿ, ಕೆಳಗೆ ಇನ್ನೇನಾದರೂ ಇದೆಯೇ ಎಂದು ಕೇಳಿದೆ.

"ಪಕ್ಕದಲ್ಲಿ ಯಾರಾದ್ರೂ ಇದಾರೇನ್ರೀ?"

ಯಜಮಾನರು ಎದುರಿಗೇ ಇದ್ದಾರೆ ಎಂದೆ.

"ಹಾಗಾದ್ರೆ ಇನ್ನೇನೂ ಇಲ್ಲ ಬಿಡಿ" ಎಂದಳು.

ಬ್ಯಾಟರಿಯನ್ನು ಮೊದಲು ಹಾಕಿದೆ. ನಾಳೆ ಎನ್ನದೆ ನಾನು ಮಾಡಿದ ಮೊದಲ ಕೆಲಸ ಅದಿರಬೇಕು. ಐದು ದಿನ ಲಾರೆನ್ಸ್ ಓದಿದ, ನಾನು ಒತ್ತಿದೆ. ಆರನೆಯ ದಿನ ಹಸಿರು ದೀಪ ಹತ್ತಿತು, ಬೆಲ್ಟು ಓಡಿತು, ಚಾಕು ತನ್ನ ಹೊತ್ತಿಗೆ ಸರಿಯಾಗಿ ಇಳಿಯಿತು. ಮೊದಲ ಖುಬ್ಬೂಸ್ ಸ್ವಲ್ಪ ಕರಿದಾಗಿತ್ತು. ಅಬು ಖಾಲಿದ್ ಅದನ್ನು ಮೂರು ಪಾಲು ಮಾಡಿ ನಮಗೂ ಕೊಟ್ಟ. ಹಾಳೆಗಳಿಂದ ಬಂದ ಘಮವೋ ನನ್ನ ಭ್ರಮೆಯೋ, ರೊಟ್ಟಿಯಲ್ಲಿ ಇಂಗಿನ ವಾಸನೆಯಿತ್ತು.

ಚಳಿಗಾಲಕ್ಕೆ ರತ್ನ ಬಂದಳು. ಬಾವಿಗಳ ಬೆಂಕಿ ಆರಿ ಆಕಾಶ ತಿಳಿಯಾಗಿತ್ತು. ಬಂದವಳು ಮೊದಲು ಅಡುಗೆಮನೆಯ ಬೋಳು ಶೆಲ್ಫುಗಳನ್ನು ನೋಡಿದಳು. ಆಮೇಲೆ ಕೈಚೀಲದಿಂದ ಬೆಳ್ಳಿ ದೀಪಗಳ ಗಂಟನ್ನು ತೆಗೆದಳು. ಅದೇ ಹಾಳೆ, ಅದೇ ದಾರ. ದೀಪಗಳನ್ನು ಗೂಡಿನಲ್ಲಿಟ್ಟು, ಹಾಳೆಯನ್ನು ಅಂಗೈಯಿಂದ ತೀಡಿ ನನ್ನ ಕೈಗೆ ಕೊಟ್ಟಳು. ಹದಿನಾರು ಬಳೆಗಳ ಕೆಳಗೆ, ಕೆಂಪು ಪೆನ್ಸಿಲಿನಲ್ಲಿ, ನನ್ನದೇ ಕೈಬರಹ: ‘ಬ್ಯಾಟರಿ ದೀಪ ಹತ್ತಿದೆ. ನಾಳೆ ತಪ್ಪದೆ ಬದಲಿಸಬೇಕು.’ ಕೆಳಗೆ ಜುಲೈಯ ತಾರೀಖು, ಎರಡು ಅಡ್ಡಗೆರೆ.

"ಇದನ್ನ ಫೋನಲ್ಲಿ ಓದಲಿಲ್ಲ" ಎಂದಳು. ಅಷ್ಟೇ. ಯಂತ್ರದ ನೆನಪು ಹೇಗೆ ಹೋಯಿತೆಂದು ಅವಳು ಅಂದೂ ಕೇಳಲಿಲ್ಲ, ಇಂದಿಗೂ ಕೇಳಿಲ್ಲ.

ಮಾರನೆಯ ದಿನ ನಾನೇ ಹೊಸ ಅಚ್ಚಿನ ಹಾಳೆಗಳನ್ನು ತಂದು, ಲೇಸು ಇಳಿಬೀಳುವಂತೆ ಶೆಲ್ಫುಗಳಿಗೆ ಹಾಸಿದೆ. ಹಳೆಯ ಹದಿನೇಳನೆಯ ಹಾಳೆಯನ್ನು ಮಾತ್ರ ಅವಳು ನನ್ನ ಕೈಯಿಂದ ತೆಗೆದುಕೊಂಡು, ಮೆಂತ್ಯದ ಡಬ್ಬದ ಅಡಿಗೆ ಹಾಸಿದಳು, ಬರೆದ ಬದಿ ಮೇಲೆ ಬರುವ ಹಾಗೆ. ಆಮೇಲೆ ಎಷ್ಟು ಮನೆ ಬದಲಾಯಿಸಿದೆವೋ ಲೆಕ್ಕವಿಲ್ಲ. ಡಬ್ಬದ ಜೊತೆ ಆ ಹಾಳೆಯೂ ಬಂದಿದೆ. ನಾನು ಯಾವುದಾದರೂ ಕೆಲಸಕ್ಕೆ ನಾಳೆ ಎಂದರೆ ಅವಳು, ಒಗ್ಗರಣೆಗೆ ಬೇಕಿರಲಿ ಬೇಡದಿರಲಿ, ಮೆಂತ್ಯದ ಡಬ್ಬವನ್ನು ಒಂದಿಷ್ಟು ಪಕ್ಕಕ್ಕೆ ಸರಿಸುತ್ತಾಳೆ. ನಾನು ಎದ್ದು ವಾಷರ್ ಹುಡುಕಲು ಹೋಗುತ್ತೇನೆ.